ಜೇನುನೊಣದ ಕಾಲಿನಲ್ಲಿರುವ ಸಾಕ್ಷ್ಯ

ಪವಿತ್ರ ಕುರ್‌ಆನಿನ ಹದಿನಾರನೇ ಅಧ್ಯಾಯಕ್ಕೆ ‘ಅನ್ನಹ್ಲ್’, ಅಂದರೆ ಜೇನುನೊಣ ಎಂದು ಹೆಸರು. ಅದರ 68 ಮತ್ತು 69ನೇ ವಚನಗಳಲ್ಲಿ ಅಲ್ಲಾಹನು ಜೇನುನೊಣಕ್ಕೆ ಗೂಡು ಕಟ್ಟುವ ಜಾಗವನ್ನೂ ಆಹಾರ ಹುಡುಕುವ ದಾರಿಯನ್ನೂ ತೋರಿಸಿಕೊಟ್ಟ ವಿಷಯವಿದೆ. ಜೇನಿನ ಔಷಧ ಗುಣದ ಬಗ್ಗೆ ಮಿಂಬರಿನಿಂದ ಬಹಳ ಕೇಳಿದ್ದೀರಿ. ಈ ಸಲ ಆ ದಾರಿಯ ಬಗ್ಗೆ ಚಿಂತಿಸೋಣ. ನಮ್ಮ ಹಿತ್ತಲಿನ ಪೆಟ್ಟಿಗೆಯ ಜೇನು ಯಾರ ಹೊಲದಲ್ಲಿ ಉಣ್ಣುತ್ತದೆ? ಇದನ್ನು ತಿಳಿಯಲು ಸಾಧ್ಯ. ತಿಳಿದ ಮೇಲೆ ನಮ್ಮ ಮೇಲೊಂದು ಹೊಣೆಯೂ ಇದೆ.

ಜೇನುನೊಣ ಹೂವಿನಿಂದ ಎರಡು ವಸ್ತು ತರುತ್ತದೆ. ಮಕರಂದವನ್ನು ಹೊಟ್ಟೆಯಲ್ಲಿ ತರುತ್ತದೆ, ಅದೇ ಜೇನುತುಪ್ಪವಾಗುತ್ತದೆ. ಪರಾಗ, ಅಂದರೆ ಹೂವಿನ ಹುಡಿಯನ್ನು ತುಸು ಒದ್ದೆ ಮಾಡಿ ಉಂಡೆ ಕಟ್ಟಿ ಹಿಂಗಾಲುಗಳಿಗೆ ಅಂಟಿಸಿಕೊಂಡು ಬರುತ್ತದೆ. ಮರಿಗಳು ಬೆಳೆಯಲು ಬೇಕಾದ ಸಸಾರಜನಕ ಈ ಹುಡಿಯಿಂದಲೇ ಸಿಗಬೇಕು. ಒಂದು ನೊಣ ಒಂದು ಸಲ ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಹಾಗಾಗಿ ಅದರ ಕಾಲಿನ ಉಂಡೆಯ ಬಣ್ಣ ಅದು ಎಲ್ಲಿಗೆ ಹೋಗಿತ್ತೆಂದು ಹೇಳಬಲ್ಲದು.

ನೋಡುವುದು ಹೇಗೆ?

ಬೆಳಿಗ್ಗೆ ಪೆಟ್ಟಿಗೆಯ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ನೊಣಗಳ ದಾರಿಗೆ ಎದುರಾಗಿ ಕೂರಬೇಡಿ. ಒಳಗೆ ಹೋಗುವ ನೊಣಗಳ ಕಾಲಿನ ಬಣ್ಣವನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಹಿರಿಯೂರು ಕಡೆ ಸೂರ್ಯಕಾಂತಿ ಅರಳಿದ್ದರೆ ಚಿನ್ನದಂಥ ಗಾಢ ಹಳದಿ ಉಂಡೆಗಳು ಕಾಣುತ್ತವೆ. ಮೆಕ್ಕೆಜೋಳದ್ದು ತೆಳು ಹಳದಿ. ಹೊಸದುರ್ಗದ ತೆಂಗಿನ ತೋಟಗಳಲ್ಲಿ ಕಾಣುವುದೂ ತೆಳು ಹಳದಿಯೇ.

ಇಂಗ್ಲೆಂಡಿನ ಡೊರೊತಿ ಹಾಡ್ಜಸ್ ಎಂಬ ಮಹಿಳೆ 1952ರಲ್ಲಿ ಇಂಥ ಬಣ್ಣಗಳ ಪಟ್ಟಿಯುಳ್ಳ ಪುಸ್ತಕವನ್ನೇ ಹೊರತಂದರು. ಆದರೆ ಅವರ ನಾಡಿನ ಪಟ್ಟಿ ನಮ್ಮ ಹೊಂಗೆ, ಹುಣಸೆ, ಬೇವಿಗೆ ಉಪಯೋಗವಿಲ್ಲ. ನಮ್ಮದನ್ನು ನಾವೇ ಮಾಡಿಕೊಳ್ಳಬೇಕು. ಸುತ್ತಲಿನ ಒಂದೊಂದು ಹೂವಿನ ಹುಡಿಯನ್ನೂ ಬಿಳಿ ಕಾಗದಕ್ಕೆ ಉಜ್ಜಿ, ಪಕ್ಕದಲ್ಲಿ ಹೂವಿನ ಹೆಸರು, ತಾರೀಖು, ಊರು ಬರೆದಿಡಿ. ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ. ಉಂಡೆಯ ಬಣ್ಣ ಒಣ ಹುಡಿಗಿಂತ ಸ್ವಲ್ಪ ಗಾಢವಾಗಿರುತ್ತದೆ ಎಂಬುದು ನೆನಪಿರಲಿ.

ಬಣ್ಣವೊಂದೇ ಸಾಲದು

ತೆಂಗು, ಮೆಕ್ಕೆಜೋಳ ಎರಡೂ ತೆಳು ಹಳದಿಯಾದರೆ ಗುರುತಿಸುವುದು ಹೇಗೆ? ಆಗ ಸೂಕ್ಷ್ಮದರ್ಶಕ ಬೇಕು. ಅದರಲ್ಲಿ ಸೂರ್ಯಕಾಂತಿಯ ಕಣದ ಮೈತುಂಬ ಮುಳ್ಳು ಕಾಣುತ್ತದೆ. ಮೆಕ್ಕೆಜೋಳದ ಕಣ ನುಣುಪು, ಒಂದೇ ಒಂದು ರಂಧ್ರ. ಕರಿಜಾಲಿಯಲ್ಲಿ ಹಲವು ಕಣಗಳು ಒಂದಕ್ಕೊಂದು ಅಂಟಿ ಗೊಂಚಲಾಗಿರುತ್ತವೆ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ವಿಜ್ಞಾನದ ಮೇಷ್ಟ್ರನ್ನು ಕೇಳಿದರೆ ಮಕ್ಕಳಿಗೆ ತೋರಿಸಿಯಾರು.

ಇನ್ನೊಂದು ಎಚ್ಚರಿಕೆ. ಮೆಕ್ಕೆಜೋಳದಲ್ಲಿ ಪರಾಗವುಂಟು, ಮಕರಂದವಿಲ್ಲ. ಆದ್ದರಿಂದ ಕಾಲಿನ ಉಂಡೆ ನೋಡಿ ತುಪ್ಪಕ್ಕೆ ಹೆಸರಿಡಲಾಗದು. ತುಪ್ಪದೊಳಗಿನ ಪರಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ‘ಇದು ಬೇವಿನ ಜೇನು’, ‘ಇದು ನೇರಳೆ ಜೇನು’ ಎಂದು ಹೇಳಿ ಹೆಚ್ಚು ಬೆಲೆಗೆ ಮಾರುವುದು ತಿಳಿಯದ್ದಕ್ಕೆ ಸಾಕ್ಷಿ ಹೇಳಿದಂತೆ. ವ್ಯಾಪಾರದಲ್ಲಿ ಇದು ನಮಗೆ ಸಲ್ಲದು.

ತಿಳಿದ ಮೇಲಿನ ಹೊಣೆ

ತುಡುವೆ ಜೇನು ಹೆಚ್ಚಾಗಿ ಗೂಡಿನಿಂದ ಒಂದು ಕಿಲೋಮೀಟರ್ ಆಸುಪಾಸಿನಲ್ಲೇ ಮೇಯುತ್ತದೆ. ಅಂದರೆ ಅದರ ಅನ್ನ ನೆರೆಯವರ ಹೊಲದಲ್ಲಿದೆ. ಹೂವಿರುವ ಸೂರ್ಯಕಾಂತಿಗೆ ಬೆಳಿಗ್ಗೆ ಕೀಟನಾಶಕ ಹೊಡೆದರೆ ಮೇಯಲು ಬಂದ ನೊಣಗಳು ಸಾಯುತ್ತವೆ. ನಷ್ಟ ಪೆಟ್ಟಿಗೆಯವನಿಗೆ ಮಾತ್ರವಲ್ಲ. ಜೇನು ಬಾರದಿದ್ದರೆ ಸೂರ್ಯಕಾಂತಿಯ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ, ಹೊಲದವನೂ ಸೋಲುತ್ತಾನೆ.

ಪೆಟ್ಟಿಗೆ ಇಟ್ಟವರು ಉಂಡೆಯ ಬಣ್ಣ ನೋಡಿ ಯಾರ ಹೊಲವೆಂದು ತಿಳಿದು, ಅವರ ಮನೆಗೆ ಹೋಗಿ ವಿನಯದಿಂದ ಮಾತನಾಡಲಿ. ನೆರೆಯವರು ಯಾವ ಧರ್ಮದವರಾದರೂ ನೆರೆಯವರೇ. ಹೊಲದವರು ಹೂವಿರುವಾಗ ಔಷಧಿ ಹೊಡೆಯುವುದನ್ನು ಆದಷ್ಟು ತಪ್ಪಿಸಲಿ. ಹೊಡೆಯಲೇಬೇಕಾದರೆ ನೊಣಗಳು ಗೂಡಿಗೆ ಮರಳಿದ ನಂತರ, ಸಂಜೆ ಹೊಡೆಯಲಿ. ಹಿಂದಿನ ದಿನವೇ ಒಂದು ಮಾತು ತಿಳಿಸಲಿ.

ಒಬ್ಬ ಮುಸ್ಲಿಮ್ ಗಿಡ ನೆಟ್ಟರೆ ಅಥವಾ ಬಿತ್ತಿದರೆ, ಅದರಿಂದ ಮನುಷ್ಯನೋ ಪಕ್ಷಿಯೋ ಪ್ರಾಣಿಯೋ ತಿಂದದ್ದು ಅವನ ಪಾಲಿಗೆ ಸದಖಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಹೊಲಕ್ಕೆ ಮೇಯಲು ಬಂದ ಜೀವ ವಿಷ ತಿಂದು ಹೋಗದಂತೆ ನೋಡಿಕೊಳ್ಳೋಣ.