ಬಿಪಿ ಇರುವ ಬಸುರಿ ತವರಿಗೆ ಹೊರಡುವ ಮುನ್ನ

ಕೂಡ್ಲಿಗಿ, ಕೊಟ್ಟೂರಿನಂಥ ಊರಲ್ಲಿ ಸಂಸಾರ ಹೂಡಿದ ಮಗಳನ್ನೂ ಚೊಚ್ಚಲ ಹೆರಿಗೆಗೆ ಏಳನೇ ತಿಂಗಳಲ್ಲಿ ನಾವು ಕರಾವಳಿಯ ತವರಿಗೆ ಕರೆತರುತ್ತೇವೆ. ಬಸ್ಸಲ್ಲಿ ಒಂದು ರಾತ್ರಿಯ ದಾರಿ. ಆದರೆ ಅವಳಿಗೆ ಬಿಪಿ ಏರಿದ್ದರೆ? "ಬಸುರಿಗೆ ಅದೆಲ್ಲ ಮಾಮೂಲು" ಎಂದು ಸುಮ್ಮನಾಗುವಂತಿಲ್ಲ.

20 ವಾರ ಕಳೆದ ಮೇಲೆ ಬಿಪಿ 140/90 ದಾಟಿ, ಮೂತ್ರದಲ್ಲಿ ಪ್ರೊಟೀನ್ ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆ. ಮಗುವಿಗೆ ಆಹಾರ, ಆಮ್ಲಜನಕ ಕೊಡುವ ಮಾಸಿಗೆ ತಾಯಿಯ ರಕ್ತ ಸರಿಯಾಗಿ ಹರಿಯದಿದ್ದರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ.

ಇದನ್ನು ತಿಳಿಯಲು ವೈದ್ಯರು ಡಾಪ್ಲರ್ ಸ್ಕ್ಯಾನ್ ಬರೆದುಕೊಡುತ್ತಾರೆ. ಇದೂ ಶಬ್ದತರಂಗದ ಸ್ಕ್ಯಾನೇ, ಎಕ್ಸ್‌ರೇ ಅಲ್ಲ. ಸಾಮಾನ್ಯ ಸ್ಕ್ಯಾನ್ ಮಗುವಿನ ಗಾತ್ರ ತೋರಿಸಿದರೆ, ಡಾಪ್ಲರ್ ರಕ್ತದ ಓಟ ತೋರಿಸುತ್ತದೆ. ಹೊಕ್ಕುಳಬಳ್ಳಿಯಲ್ಲಿ ಮಗುವಿನ ಎರಡು ಎದೆಬಡಿತಗಳ ನಡುವೆಯೂ ರಕ್ತ ಮುಂದಕ್ಕೆ ಹರಿಯುತ್ತಿರಬೇಕು. ಆ ಹೊತ್ತಲ್ಲಿ ಓಟ ನಿಂತರೆ ಅಪಾಯ. ಹಿಂದಕ್ಕೆ ಹರಿದರೆ ಇನ್ನೂ ದೊಡ್ಡ ಅಪಾಯ. ಆಗ ತಾಯಿಯನ್ನು ದಾಖಲಿಸಿಕೊಂಡು, ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟು, ಹೆರಿಗೆ ಯಾವಾಗ ಮಾಡಿಸಬೇಕೆಂದು ನಿರ್ಧರಿಸುತ್ತಾರೆ.

ಒಂದು ಸಲದ ಡಾಪ್ಲರ್ ಸಾಲದು. ಹಿಂದಿನ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿದಾಗಲೇ ಹರಿವು ಕುಗ್ಗುತ್ತಿದೆಯೋ ಇಲ್ಲವೋ ತಿಳಿಯುವುದು. ಕೂಡ್ಲಿಗಿಯ ವೈದ್ಯರು ಹೊಸಪೇಟೆಗೋ ಬಳ್ಳಾರಿಗೋ ಕಳುಹಿಸಿ ಮಾಡಿಸಿದ ರಿಪೋರ್ಟ್ ಅಲ್ಲೇ ಕಪಾಟಿನಲ್ಲಿ ಉಳಿದರೆ, ಮಂಗಳೂರಿನ ಲೇಡಿಗೋಷನ್‌ನಲ್ಲಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ತಾಯಿ ಕಾರ್ಡಿನ ಜೊತೆ ಎಲ್ಲ ರಿಪೋರ್ಟುಗಳೂ ಬರಲಿ.

ಇನ್ನೊಂದು ಮಾತು. ಡಾಪ್ಲರ್ ಸರಿಯಿದೆ ಎಂದರೆ ತಾಯಿಯೂ ಕ್ಷೇಮ ಎಂದಲ್ಲ. ಅವಳ ಬಿಪಿ, ಮೂತ್ರ, ರಕ್ತದ ಪರೀಕ್ಷೆ ಬೇರೆಯೇ ಆಗಬೇಕು. ಬಿಪಿ 160/110ಕ್ಕೆ ಏರಿದರೆ, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ, ಅದನ್ನೂ ತಪ್ಪಿಸುವುದು ಬೇಡ.

ಹೊರಡುವ ಮುನ್ನ ವೈದ್ಯರನ್ನು ಕೇಳೋಣ. ಅವರು ಬೇಡವೆಂದರೆ ಪದ್ಧತಿ ಒಂದು ಸಲ ಬದಲಾಗಲಿ, ಉಮ್ಮನೇ ಕೂಡ್ಲಿಗಿಗೆ ಹೋಗಲಿ.