ಚೀನಾದ ಅಜ್ಜಿಯರೂ ಹೇಳ್ತಾರೆ: "ಅದು ಉಷ್ಣ, ತಿನ್ಬೇಡ!"

ಬೇಸಿಗೆ ಬಂತೆಂದರೆ "ಅದು ಉಷ್ಣ, ತಿನ್ಬೇಡ, ಇದು ತಂಪು, ಕುಡಿ" ಎಂಬ ಮಾತು ಕೇಳಿಸದ ಮನೆ ನಮ್ಮಲ್ಲಿ ಇದೆಯೇ? ಇದು ನಮ್ಮ ಅತ್ತೆ-ಅಜ್ಜಿಯರ ಸ್ವಂತ ವಿದ್ಯೆ ಅಂತಲೇ ನಾನು ತಿಳಿದಿದ್ದೆ. ಚೀನಾದಲ್ಲೂ ಇದೇ ಪಾಠ ನಡೆಯುತ್ತದೆಂದು ಗೊತ್ತಾಗಿದ್ದು ನನ್ನ ತಂಗಿಯಿಂದ. ಅವಳ ಯಜಮಾನರಿಗೆ ದಕ್ಷಿಣ ಚೀನಾದ ಗುವಾಂಗ್‌ಝೌ ನಗರಕ್ಕೆ ವರ್ಗವಾಗಿ, 2017ರಿಂದ ಎರಡು ವರ್ಷ ಅಲ್ಲೇ ಸಂಸಾರ ಹೂಡಿದ್ದಳು.

ಮೊದಲ ಬೇಸಿಗೆಯಲ್ಲೇ ಪಜೀತಿಯಾಯಿತು. ಅಲ್ಲಿ ಜೂನ್ ಹೊತ್ತಿಗೆ ಲಿಚಿ ಹಣ್ಣಿನ ಸುಗ್ಗಿ. ಆರು ವರ್ಷದ ಮಗಳು ದಿನಕ್ಕೊಂದು ಗೊಂಚಲು ಮುಗಿಸುತ್ತಿದ್ದಳು. ಒಂದು ವಾರದಲ್ಲಿ ಮಗುವಿನ ಬಾಯಿ ತುಂಬ ಹುಣ್ಣು, ಗಂಟಲು ಕೆಂಪು, ಊಟ ಬೇಡವೆಂದು ಅಳು. ಪಕ್ಕದ ಮನೆಯ ಅಜ್ಜಿ ಬಂದು ಬಾಯಿ ತೆರೆಸಿ ನೋಡಿ ನಕ್ಕರಂತೆ. "ಒಂದು ಲಿಚಿಗೆ ಮೂರು ಬೆಂಕಿ" ಎಂದು ಅಲ್ಲಿಯವರ ಗಾದೆ. ಬಾಯಿಹುಣ್ಣು, ಗಂಟಲು ನೋವು, ಮೊಡವೆ, ಮಲಬದ್ಧತೆ ಎಲ್ಲಕ್ಕೂ ಅವರದು ಒಂದೇ ಮಾತು, ‘ಶಾಂಗ್ ಹುವೊ’, ಅಂದರೆ ಒಳಗಿನ ಬೆಂಕಿ ಮೇಲೇರಿದೆ ಅಂತ. ನಾವು "ಉಷ್ಣ ಆಗಿದೆ" ಅನ್ನೋಲ್ಲವೇ, ಹಾಗೆ. ಹಣ್ಣು ನಿಲ್ಲಿಸಿ ಒಣಗಿದ ಸೇವಂತಿಗೆ ಹೂವಿನ ಕಷಾಯ ಕುಡಿಸಿದರು. ಐದಾರು ದಿನಕ್ಕೆ ವಾಸಿಯಾಯಿತು. (ಬಾಯಿಹುಣ್ಣು ಹೇಗೂ ವಾರದಲ್ಲಿ ಮಾಯುತ್ತದೆ, ಅದು ಬೇರೆ ಮಾತು!)

ಚೀನಾದ ಹಳೆಯ ವೈದ್ಯದಲ್ಲಿ ಪ್ರತಿ ಆಹಾರಕ್ಕೂ ಒಂದು ಗುಣವಿದೆ. ಬಿಸಿ, ಬೆಚ್ಚಗೆ, ತಂಪು, ಶೀತ, ನಡುವೆ ಸಮ. ಮುಟ್ಟಿದರೆ ಬಿಸಿಯೋ ತಣ್ಣಗೋ ಎಂಬುದಲ್ಲ ಇದು, ಹೊಟ್ಟೆಗೆ ಹೋದ ಮೇಲೆ ದೇಹಕ್ಕೆ ಏನು ಮಾಡುತ್ತದೆ ಎಂಬುದು. ಸೆಕೆಗಾಲದಲ್ಲಿ ಬಿಸಿ ಗುಣದ್ದನ್ನು ಕಡಿಮೆ ಮಾಡಬೇಕು. ಕುರಿಮಾಂಸ, ಮೆಣಸಿನಕಾಯಿ, ಕಾಳುಮೆಣಸು, ದಾಲ್ಚಿನ್ನಿ, ಎಣ್ಣೆಯಲ್ಲಿ ಕರಿದದ್ದು, ಹೆಂಡ-ಸಾರಾಯಿ, ಹಣ್ಣಿನಲ್ಲಿ ಲಿಚಿ ಮತ್ತು ಹಲಸಿನಂತೆ ಮುಳ್ಳುಮುಳ್ಳಾದ ಡುರಿಯನ್ ಈ ಪಟ್ಟಿಯಲ್ಲಿವೆ.

ಇಷ್ಟೇ ಆಗಿದ್ದರೆ ನಮಗೆ ಹೊಸದೇನೂ ಇರಲಿಲ್ಲ. ನನಗೆ ಸೋಜಿಗ ಎನಿಸಿದ್ದು ಇನ್ನೊಂದು. ಅವರು ಬೇಸಿಗೆಯಲ್ಲಿ ಐಸ್ ನೀರನ್ನೂ ದೂರವಿಡುತ್ತಾರೆ! ಸೆಕೆಗೆ ಮೈ ಹೊರಗೆ ಬಿಸಿಯಾದರೂ ಒಳಗೆ ಹೊಟ್ಟೆ ದುರ್ಬಲವಾಗಿರುತ್ತದೆ, ಫ್ರಿಜ್ ನೀರು, ಐಸ್‌ಕ್ರೀಂ ಸುರಿದರೆ ಜೀರ್ಣಶಕ್ತಿ ಕೆಡುತ್ತದೆ ಎಂಬುದು ಅವರ ಎಣಿಕೆ. ಎಂಥ ಧಗೆಯಲ್ಲೂ ಹೋಟೆಲಿನಲ್ಲಿ ಬಿಸಿನೀರೇ ತಂದಿಡುತ್ತಿದ್ದರಂತೆ. ಕಲ್ಲಂಗಡಿ ಶೀತ ಗುಣದ್ದು, ಬೇಸಿಗೆಗೆ ಒಳ್ಳೆಯದೇ, ಆದರೆ ಹೊಟ್ಟೆ ಸೂಕ್ಷ್ಮ ಇರುವವರು ಮಿತವಾಗಿ ತಿನ್ನಬೇಕು. ನಾವು ಉಷ್ಣವೆಂದು ದೂರವಿಡುವ ಶುಂಠಿಯನ್ನು ಅವರು ಬೇಸಿಗೆಗೇ ಬೇಕೆನ್ನುತ್ತಾರೆ. ಚಳಿಗಾಲಕ್ಕೆ ಮೂಲಂಗಿ, ಬೇಸಿಗೆಗೆ ಶುಂಠಿ ಎಂಬುದು ಅವರ ಮನೆಮಾತು.

ಹಾಗಂತ ಇಡೀ ಚೀನಾ ಒಂದೇ ರೀತಿ ಉಣ್ಣುತ್ತದೆ ಅಂದುಕೊಳ್ಳಬೇಡಿ. ಜುಲೈ ಮಧ್ಯದಿಂದ ಆಗಸ್ಟ್‌ವರೆಗೆ ಅವರ ಕಡುಬೇಸಿಗೆ. ಆಗಲೇ ಜಿಯಾಂಗ್ಸು ಪ್ರಾಂತ್ಯದ ಶೂಝೌನವರು ಬೆವರು ಸುರಿಸುತ್ತಾ ಕುರಿಮಾಂಸದ ಸಾರು ಕುಡಿಯುತ್ತಾರೆ. ಸಿಚುವಾನ್‌ನವರು ಮೈಯೊಳಗಿನ ತೇವ ಹೋಗಲೆಂದು ಖಾರ ಬಿಡುವುದಿಲ್ಲ. ನಮ್ಮಲ್ಲೂ ಒಬ್ಬೊಬ್ಬ ಅತ್ತೆಯದು ಒಂದೊಂದು ಶಾಸ್ತ್ರ ತಾನೇ?

ಒಂದು ವಿಷಯ ಮಾತ್ರ ಶಾಸ್ತ್ರ ಎಂದು ಪಕ್ಕಕ್ಕಿಡುವ ಹಾಗಿಲ್ಲ. ಬಿಹಾರದ ಮುಜಫ್ಫರ್‌ಪುರದಲ್ಲಿ 2014ರಲ್ಲಿ ಕಾಯಿಲೆ ಬಿದ್ದ ಮಕ್ಕಳ ಬಗ್ಗೆ ವಿಜ್ಞಾನಿಗಳು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲಿಚಿ ತಿಂದು ರಾತ್ರಿ ಊಟ ಮಾಡದೆ ಮಲಗಿದ ಮಕ್ಕಳಿಗೆ ರಕ್ತದಲ್ಲಿ ಸಕ್ಕರೆ ಇಳಿದು ಪ್ರಾಣಕ್ಕೇ ಕುತ್ತು ಬಂದಿತ್ತು. ಹಣ್ಣಿನಲ್ಲೇ ಇರುವ ಒಂದು ವಸ್ತು ಅದಕ್ಕೆ ಕಾರಣ. "ಹಸಿದು ಹಲಸು ತಿನ್ನು, ಉಂಡು ಮಾವು ತಿನ್ನು" ಎಂಬ ನಮ್ಮ ಗಾದೆಯಲ್ಲಿ ಲಿಚಿಯನ್ನು ಮಾವಿನ ಜೊತೆಗೇ ಸೇರಿಸಿಕೊಳ್ಳಿ. ಮಕ್ಕಳಿಗೆ ಊಟವಾದ ಮೇಲೆ ನಾಲ್ಕಾರು ಹಣ್ಣು ಸಾಕು. ಬರಿಹೊಟ್ಟೆಯಲ್ಲಿ ಮಲಗಿಸಬೇಡಿ.

ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಬಿಸಿಲಿಗೆ ಜ್ವರ ಬಂದು ಮಾತು ತೊದಲಿದರೆ ಕಷಾಯ ಕಾಯಿಸುತ್ತಾ ಕೂರದೆ ಡಾಕ್ಟರ ಬಳಿ ಹೋಗಿ.

ತಂಗಿ ಅಲ್ಲಿಂದ ಕಲಿತು ಬಂದ ಹೆಸರುಕಾಳಿನ ಪಾನಕ ಈಗ ನಮ್ಮ ಮನೆಯಲ್ಲೂ ನಡೆದಿದೆ. ಹೆಸರುಕಾಳು ಅವರಿಗೂ ತಂಪು, ನಮಗೂ ತಂಪು. ಅರ್ಧ ಲೋಟ ಹಸಿರು ಹೆಸರುಕಾಳನ್ನು ತೊಳೆದು ಎರಡು ಗಂಟೆ ನೆನೆಸಿ. ಆರು ಲೋಟ ನೀರು ಹಾಕಿ ಕಾಳು ಒಡೆದು ಅರಳುವವರೆಗೆ ಕುದಿಸಿ. ಕೊನೆಗೆ ರುಚಿಗೆ ತಕ್ಕಷ್ಟು ಕಲ್ಲುಸಕ್ಕರೆ ಹಾಕಿ ಇಳಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಚಿಟಿಕೆ ಉಪ್ಪು ಸಾಕು. ಅವರು ಬರೀ ಹಾಗೇ ಕುಡಿಯುತ್ತಾರೆ. ನಮ್ಮ ಮನೆಯವರಿಗೆ ಸಪ್ಪೆ ಅನಿಸಿತು, ಏಲಕ್ಕಿ ಕುಟ್ಟಿ ಹಾಕಿದ ಮೇಲೆ ಇನ್ನೊಂದು ಲೋಟ ಕೇಳಿದರು. ಫ್ರಿಜ್‌ನಲ್ಲಿಡದೆ ಆರಿಸಿ ಕುಡಿಯಿರಿ.