ಚಂದ್ರವಳ್ಳಿಯಿಂದ ಸಮುದ್ರದ್ವೀಪಕ್ಕೆ

ಚಿತ್ರದುರ್ಗದ ಬೆಟ್ಟಗಳ ನಡುವಣ ಚಂದ್ರವಳ್ಳಿಯ ಬಳಿ ವಾಸಿಸುವ ನಮಗೆ ಜಲರಾಶಿಯೆಂದರೆ ಅಲ್ಲಿಯ ಕೆರೆಯೇ ಸರಿ. ಅದನ್ನು ಕದಂಬ ಮಯೂರಶರ್ಮನು ಕಟ್ಟಿಸಿದನೆಂದು ಬಂಡೆಯ ಮೇಲಣ ಪ್ರಾಕೃತ ಶಾಸನವು ಸಾರುತ್ತಿದೆ. ಕಳೆದ ಚೈತ್ರದಲ್ಲಿ ಎಂಟು ವರ್ಷದ ನಮ್ಮ ಮೊಮ್ಮಗಳು ಆ ಕೆರೆಯ ದಂಡೆಯಲ್ಲಿ, “ತಾತ, ಸಮುದ್ರ ಇದಕ್ಕಿಂತ ಎಷ್ಟು ದೊಡ್ಡದು?” ಎಂದು ಕೇಳಿದಳು. ಬಹುಕಾಲ ಬಾಲಕರಿಗೆ ಪಾಠ ಹೇಳಿದವರಾದರೂ ಈ ಪ್ರಶ್ನೆಗೆ ಬಾಯಿಮಾತಿನ ಉತ್ತರವು ಸಾಲದೆಂದು ನಮಗೆ ತೋರಿತು. ಆದುದರಿಂದ ಸಕುಟುಂಬರಾಗಿ ಹೊರಟು, ಶಿವಮೊಗ್ಗ, ತೀರ್ಥಹಳ್ಳಿಗಳ ಮಾರ್ಗವಾಗಿ ಆಗುಂಬೆಯ ಘಟ್ಟವನ್ನಿಳಿದು ಉಡುಪಿಯನ್ನು ಸೇರಿದೆವು.

ಮರುದಿನ ಬೆಳಿಗ್ಗೆ ಮಲ್ಪೆಯಲ್ಲಿ ದೋಣಿಯನ್ನೇರಿದೆವು. ಅಲ್ಲಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಮೇರಿಮಾತೆಯ ಹೆಸರನ್ನಿಟ್ಟನೆಂಬುದು ಐತಿಹ್ಯ. ತೀರವು ಹಿಂದಕ್ಕೆ ಸರಿದು, ತೆಂಗಿನ ತೋಪುಗಳು ಹಸುರು ಗೆರೆಯಂತಾದಾಗ ಬಾಲಿಕೆಯು ನಮ್ಮ ಕೈಯನ್ನು ಬಿಗಿಯಾಗಿ ಹಿಡಿದಳು. ಅವಳ ಭಯವನ್ನು ಮರೆಸಲೆಂದು, ಚಂದ್ರವಳ್ಳಿಯ ಮಣ್ಣಿನಲ್ಲಿ ದೊರೆತ ರೋಮಕ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸರ ಬೆಳ್ಳಿಯ ನಾಣ್ಯಗಳ ವಿಷಯವನ್ನು ಹೇಳಿದೆವು. ಆ ಕಾಲದ ನಾವಿಕರು ಮುಂಗಾರಿನ ಗಾಳಿಯನ್ನೇ ನೆಚ್ಚಿ ಇದೇ ಅರಬ್ಬೀ ಸಮುದ್ರವನ್ನು ದಾಟಿ ನಮ್ಮ ದೇಶಕ್ಕೆ ಬರುತ್ತಿದ್ದರೆಂದು ಕೇಳಿ ಅವಳು ಅಲೆಗಳನ್ನು ಧೈರ್ಯದಿಂದ ನೋಡತೊಡಗಿದಳು.

ದ್ವೀಪದಲ್ಲಿ ಮೊದಲು ಕಣ್ಣನ್ನು ಸೆಳೆಯುವುದು ಶಿಲಾಸ್ತಂಭಗಳ ಸಾಲು. ಐದಾರು ಮೂಲೆಗಳ ಆ ಕಂಬಗಳನ್ನು ಶಿಲ್ಪಿಯೇ ಕಡೆದಿರಬೇಕೆಂಬ ಭ್ರಾಂತಿಯುಂಟಾಗುವುದು. ಆದರೆ ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಅಗಲುತ್ತಿದ್ದ ಕಾಲದಲ್ಲಿ, ಭೂಗರ್ಭದಿಂದ ಉಕ್ಕಿದ ಲಾವಾರಸವು ತಣಿದು ಇವು ಹುಟ್ಟಿದವು. ಬತ್ತಿದ ಕೆರೆಯಂಗಳದ ಕೆಸರು ಸಂಕೋಚಗೊಂಡು ಬಿರಿಯುವಂತೆ, ತಣಿಯುವ ಲಾವಾರಸವೂ ಸಂಕೋಚಗೊಂಡು ಕಂಬಕಂಬವಾಗಿ ಬಿರಿಯುವುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ದಡದಲ್ಲಿ ಬಿದ್ದುದು ಬರಿಯ ಮರಳಲ್ಲ. ಬಹುಪಾಲು ಚಿಪ್ಪುಗಳೂ ಅವುಗಳ ಚೂರುಗಳೂ. ಮಗು ತನ್ನ ಕರವಸ್ತ್ರದಲ್ಲಿ ಅವನ್ನು ತುಂಬಿಕೊಂಡಳು. ನಾವೂ ಸಮ್ಮತಿಸಿ ಗಂಟು ಕಟ್ಟಿಕೊಡುತ್ತಿದ್ದೆವು. ಅಷ್ಟರಲ್ಲಿ ಒಂದು ಪುಟ್ಟ ಶಂಖವು ತಾನಾಗಿಯೇ ನಡೆಯಿತು! ಒಳಗೊಂದು ಸನ್ಯಾಸಿ ಏಡಿ. ಮೃದುವಾದ ತನ್ನ ಹಿಂಭಾಗವನ್ನು ಕಾಪಾಡಿಕೊಳ್ಳಲು ಇದು ಬರಿದಾದ ಶಂಖವನ್ನು ಮನೆಮಾಡಿಕೊಂಡು, ದೇಹವು ಬೆಳೆದಂತೆ ಮತ್ತಷ್ಟು ದೊಡ್ಡದನ್ನು ಹುಡುಕುವುದು. ನಮಗೆ ಬರಿದಾಗಿ ಕಂಡುದು ಅದಕ್ಕೆ ನಾಳಿನ ಮನೆ.

ಆಗ ನಮ್ಮ ಬಾಲ್ಯದ ತಪ್ಪೊಂದು ನೆನಪಾಯಿತು. ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ಅಂತಹ ವಿದ್ವಾಂಸರಿಗೆ ವಸ್ತುವೆಷ್ಟು ಮುಖ್ಯವೋ ಅದು ದೊರೆತ ಮಣ್ಣಿನ ಪದರವೂ ಅಷ್ಟೇ ಮುಖ್ಯ. ಇದನ್ನರಿಯದ ನಾವು ಒಂದು ಮಳೆಗಾಲದಲ್ಲಿ ಅಲ್ಲಿ ಸಿಕ್ಕಿದ ಹಳೆಯ ಸೀಸದ ನಾಣ್ಯವನ್ನು ಗಾಳಿಪಟದ ಬಾಲಂಗೋಚಿಗೆ ಕಟ್ಟಿದೆವು. ಪಟವು ಹರಿದುಹೋಯಿತು, ನಾಣ್ಯವೂ ಹೋಯಿತು. ಅದರಲ್ಲಿ ಯಾವ ಅರಸನ ಹೆಸರಿದ್ದಿತೋ ಇನ್ನು ಹೇಳುವವರಿಲ್ಲ.

ಇದನ್ನು ಮೊಮ್ಮಗಳಿಗೆ ಮುಚ್ಚಿಡದೆ ಹೇಳಿದೆವು. ಅವಳು ಕ್ಷಣಕಾಲ ಗಂಟನ್ನು ನೋಡಿ, “ಹಾಗಾದರೆ ಇವು ಇಲ್ಲೇ ಇರಲಿ, ತಾತ” ಎಂದು ಚಿಪ್ಪುಗಳನ್ನು ಒಂದೊಂದಾಗಿ ದಡದಲ್ಲಿಟ್ಟಳು.

ಗೃಹಸ್ಥರಾದ ವಾಚಕರು ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಅವಶ್ಯವಾಗಿ ಅಲ್ಲಿಗೆ ಕರೆದೊಯ್ಯಬೇಕು. ಮಳೆಗಾಲದಲ್ಲಿ ದೋಣಿಗಳ ಸಂಚಾರವಿರುವುದಿಲ್ಲ. ಬಿಸಿಲೇರುವ ಮೊದಲೇ ಹೊರಡುವುದೂ, ಕುಡಿಯುವ ನೀರನ್ನು ಒಯ್ಯುವುದೂ, ಬಂಡೆಗಳ ಬಳಿ ನೀರಿಗಿಳಿಯದಿರುವುದೂ ಕ್ಷೇಮಕರ. ಒಯ್ದ ಪ್ಲಾಸ್ಟಿಕ್ ಚೀಲವನ್ನು ಮರಳಿ ತರತಕ್ಕುದು. ದ್ವೀಪದ್ದನ್ನು ದ್ವೀಪಕ್ಕೇ ಬಿಡತಕ್ಕುದು.

ಊರಿಗೆ ಬಂದ ಮೇಲೆ ಮಗುವಿನ ಕರವಸ್ತ್ರವನ್ನು ಕೊಡವಿದಾಗ ಚಿಪ್ಪಿನ ಚೂರೊಂದು ಉದುರಿತು. ಮುಂದಿನ ಬೇಸಗೆಯಲ್ಲಿ ಹಿಂದಿರುಗಿಸಬೇಕೆಂದು ಅವಳು ಅದನ್ನು ಜೋಪಾನವಾಗಿಟ್ಟಿದ್ದಾಳೆ. ನಮಗೂ ಇನ್ನೊಮ್ಮೆ ಹೋಗದೆ ವಿಧಿಯಿಲ್ಲ.